ಬೆನ್ನ ಹಿಂದೆ ಕಟ್ಟಿದ ಕೈ

ಬನಹಟ್ಟಿ
೧೮ ನವೆಂಬರ್ ೨೦೦೪

ಚಿ. ನಂದಾಳಿಗೆ ಕಾಕಾನ ಆಶೀರ್ವಾದ.

ಇಲ್ಲಿ ಎಲ್ಲರೂ ಛಲೋ ಇದ್ದೇವೆ. ನಿನ್ನ ಪತ್ರ ದಸರೆಗೇ ಬಂದಿತ್ತು. ಉತ್ತರ ಬರೆಯಲು ದೀಪಾವಳಿ ದಾಟಿತು. ತಡವಾದದ್ದಕ್ಕೆ ಏನಾದರೂ ನೆಪ ಬರೆಯಿರಿ ಎಂದು ನಿನ್ನ ಕಾಕು ಅನಸವ್ವ ಹೇಳುತ್ತಿದ್ದಾಳೆ. ನೆಪ ಯಾಕೆ? ಸಿಟ್ಟು ಬಂದಿತ್ತು, ಬರೆಯಲಿಲ್ಲ.

ಕೋರ್ಟಿನ ಆಫೀಸಿನವರು ಕೆಲವರು ಸೇರಿ ಹವ್ಯಾಸಕ್ಕೆಂದು ಬಾಣ, ಹೂಕುಂಡದ ಮದ್ದು ಸುಡುವುದನ್ನು ಹಿಡಿದಿದ್ದೇವೆ, ಹೊಸಬರು ಏನೇನು ಕಾಳಜಿ ತೆಗೆದುಕೊಳ್ಳಬೇಕು ತಿಳಿಸು ಎಂದು ನೀನು ಕೇಳಿದ್ದೆ. ಓದಿದವನೇ ಪತ್ರವನ್ನು ಮಗ್ಗದ ಮೇಲೆ ಒಗೆದೆ. ಮದ್ದಿಗೇ ಎರಡೂ ಕಣ್ಣು ಕೊಟ್ಟು ಕುಳಿತವನ ಮಗಳು ಕೇಳುವ ಮಾತೇ ಇದು? ನಿಮ್ಮಪ್ಪ, ನಮ್ಮ ಅಣ್ಣ ರಾಮಣ್ಣ, ನಿನ್ನ ಜೊತೆ ಮಾತು ಬಿಟ್ಟದ್ದು ಬರೋಬರಿ ಆಯಿತು ಎಂದುಕೊಂಡೆ. "ಅಪ್ಪ ಮತ್ತೆ ಯಾವಾಗ ಮಾತಾಡುತ್ತಾನೆ?" ಎಂದು ಕೊನೆಗೆ ನೀನು ಕೇಳಿದ್ದೆ.

ಈಗ ಕೇಳು. ಪಾಡ್ಯದ ದಿನ ಜಮಖಂಡಿಯ ಹೊರಗೆ, ಆ ಕಬ್ಬಿನ ಹೊಲದ ಪಕ್ಕದ ಬಯಲಿನಲ್ಲಿ ನೀವು ಮದ್ದು ಸುಟ್ಟಿರಲ್ಲ, ನಾನು ಬಂದಿದ್ದೆ. ದಿನ, ಜಾಗ ಎಲ್ಲ ನೀನೇ ಬರೆದಿದ್ದೆ. ನಿನ್ನ ಜಡೆ ಹಿಡಿದು ಎಳೆದುಕೊಂಡು ಬರಬೇಕೆಂದೇ ಬಸ್ಸು ಹತ್ತಿದ್ದು. ಹಿಂದೆ ಬೇವಿನ ಗಿಡದ ಕೆಳಗೆ ತಲೆಗೆ ಶಾಲು ಸುತ್ತಿಕೊಂಡು ನಿಂತೆ. ಜಡೆಗೆ ಕೈ ಹಾಕುವ ಪ್ರಸಂಗವೇ ಬರಲಿಲ್ಲ.

ನೀನು ಹೊಲದಂಚಿನ ರವದಿಯನ್ನೆಲ್ಲ ಬಳಿದು ದೂರ ಒಟ್ಟಿಸಿದ್ದೆ. ಒಣಗಿದ ಕಬ್ಬಿನ ಎಲೆಗೆ ಒಂದು ಕಿಡಿ ಸಾಕು ಎಂದು ನಿನಗೆ ಯಾರು ಹೇಳಿದರೋ ಕಾಣೆ. ಜನರನ್ನು ಗಾಳಿ ಬರುವ ಕಡೆಗೆ, ಹಗ್ಗದ ಆಚೆ ನಿಲ್ಲಿಸಿದ್ದೆ. ಬಾಣ ಬಿಡುವ ಕೊಳವೆಗಳನ್ನು ಕುತ್ತಿಗೆಯವರೆಗೆ ಉಸುಕಿನಲ್ಲಿ ಹುಗಿದು, ಪಕ್ಕದಲ್ಲಿ ನೀರು ತುಂಬಿದ ಬಕೀಟು ಇಟ್ಟಿದ್ದೆ. ಉದ್ದ ಕೋಲಿಗೆ ಊದುಬತ್ತಿ ಕಟ್ಟಿ, ಮುಖ ಹೊರಳಿಸಿ, ಒಂದು ಹಾರಿದ ಮೇಲೆಯೇ ಇನ್ನೊಂದು ಹಚ್ಚುತ್ತಿದ್ದೆ. ನೀನು ಹಚ್ಚುವಾಗ ಇನ್ನೊಬ್ಬರನ್ನು ಹತ್ತಿರ ಬಿಡಲಿಲ್ಲ. ಲೈಸೆನ್ಸಿನ ಅಂಗಡಿಯ ಮಾಲನ್ನು ಹೇಗಿದೆಯೋ ಹಾಗೆ ಸುಡಬೇಕು, ಬಿಚ್ಚಿ ಒಂದರ ಪುಡಿಯನ್ನು ಇನ್ನೊಂದಕ್ಕೆ ಬೆರೆಸುವ ಜಾಣತನ ಮಾಡಬಾರದು. ಅದನ್ನೂ ನೀನು ಮಾಡಿರಲಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಹೊಗಳಿ ಬರೆಯಲು ಬರುವುದಿಲ್ಲ. ಕೆಲಸ ಚೊಕ್ಕ ಇತ್ತು. ಅಷ್ಟೇ.

ತಪ್ಪೂ ಇದ್ದವು. ಆ ದುರಗೇಶ ಎನ್ನುವ ನಿನ್ನ ಆಫೀಸಿನ ಹುಡುಗ ಮಿರಿಮಿರಿ ಮಿಂಚುವ ಅಂಗಿ ತೊಟ್ಟುಕೊಂಡು ಬಂದಿದ್ದ. ಜೀವಮಾನವೆಲ್ಲ ಬಟ್ಟೆ ನೇಯ್ದವನು ಹೇಳುತ್ತೇನೆ, ಅಂಥ ನೂಲು ಬೆಂಕಿಗೆ ಕರಗಿ ಚರ್ಮಕ್ಕೇ ಅಂಟುತ್ತದೆ. ಮುಂದಿನ ಸಲ ಹತ್ತಿಯ ಅಂಗಿ ಇಲ್ಲದವನನ್ನು ಹಗ್ಗದ ಒಳಗೆ ಬಿಡಬೇಡ. ಕಿಸೆಯಲ್ಲಿ ಪಟಾಕಿ ಇಟ್ಟುಕೊಂಡು ಅಡ್ಡಾಡುತ್ತಿದ್ದ ಬೇರೆ. ಮಾಲಿನ ಡಬ್ಬಿಯ ಮುಚ್ಚಳ ತೆಗೆದೇ ಇತ್ತು, ಅದೂ ನೀನು ಹಚ್ಚುವ ಜಾಗದ ಸನಿಹದಲ್ಲಿ. ಯಾವನಾದರೂ ಕುಡಿದು ಬಂದರೆ ಬೈದು ಕಳಿಸು. ನಿನಗೆ ಬೈಯಲು ಬರದಿದ್ದರೆ ನನ್ನನ್ನು ಕರೆ.

ಆಮೇಲೆ ಆ ಒಂದು ಬಾಣ. ಬತ್ತಿ ಚುರುಗುಟ್ಟಿತು, ಆರಿತು, ಹಾರಲಿಲ್ಲ. ಜನ ಗುಜುಗುಜು ಶುರು ಮಾಡಿದರು. ದುರಗೇಶನ ಮಾತು, ನಿನ್ನ ಮಾತು ಬೇವಿನ ಗಿಡದವರೆಗೂ ಕೇಳುತ್ತಿತ್ತು.

"ನಂದಾ, ಹೋಗಿ ಮತ್ತ ಹಚ್ಚಬೇ, ಮಂದಿ ಕಾಯಾಕತ್ತಾರ."

"ಕಾಯ್ಲಿ."

"ಬತ್ತಿ ಪೂರಾ ಆರೇತಿ, ಇಲ್ಲಿಂದನ ಕಾಣತೈತಿ. ನಾ ಹೋಗ್ಲೇನು?"

"ಹೋಗು. ಮೊದಲ ನಿಮ್ಮವ್ವಗ ಫೋನ್ ಮಾಡಿ ಹೇಳಿ ಹೋಗು."

ಜನ ನಕ್ಕರು. ಮುಂದೆ ಕುಳಿತಿದ್ದ ಮುದುಕನೊಬ್ಬ, "ಏನ ತಂಗಿ, ನಾವು ಮದ್ದು ನೋಡಾಕ ಬಂದೇವೋ, ನಿನ್ನ ಬಕೀಟು ನೋಡಾಕ ಬಂದೇವೋ?" ಎಂದ. ನೀನು ಎರಡೂ ಕೈ ಬೆನ್ನ ಹಿಂದೆ ಒಯ್ದು ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟೆ. ಜನ ಬೇಸತ್ತರು, ಅರ್ಧದಷ್ಟು ಎದ್ದು ಹೋದರು, ನೀನು ಕದಲಲಿಲ್ಲ. ಬಹಳ ಹೊತ್ತಾದ ಮೇಲೆ ಪಕ್ಕದಿಂದ ಹೋಗಿ, ಅದರ ಮೇಲೆ ಬಗ್ಗದೆ, ಉದ್ದ ಕೋಲಿನ ತುದಿಯ ಡಬ್ಬಿಯಿಂದ ನೀರು ಸುರಿದು ತೋಯಿಸಿದೆ. ನೆನೆದದ್ದನ್ನು ಮತ್ತೆ ಹಚ್ಚುವ ಮಾತೇ ಇಲ್ಲ ಎಂದು ಆಟ ಮುಗಿಸಿದೆ.

ನಂದಾ, ನಮ್ಮ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಅದು ಎಷ್ಟು ಕಠಿಣ ಎಂದು ಆ ಮುದುಕನಿಗೆ ಏನು ಗೊತ್ತು? ಮಗ್ಗದ ಮೇಲೆ ಎಳೆ ಹರಿಯಿತೆಂದರೆ ನಮಗೆ ವಿಚಾರ ಮಾಡುವ ಪುರಸತ್ತಿಲ್ಲ. ಕಣ್ಣಿಗಿಂತ ಮೊದಲು ಕೈ ಹೋಗಿ ಗಂಟು ಹಾಕಿರುತ್ತದೆ. ನಿಂತದ್ದನ್ನು ನಡೆಸಬೇಕು, ಕೈಗೆ ಗೊತ್ತಿರುವುದು ಅದೊಂದೇ. ಅಣ್ಣ ಮತ್ತು ನಾನು ಹವ್ಯಾಸಕ್ಕೆಂದು ಓಣಿಯ ಮದುವೆಗಳಲ್ಲಿ ಮದ್ದು ಸುಡುತ್ತಿದ್ದೆವು. ಅಣ್ಣನ ಕಣ್ಣು ಹೋದ ಆ ದಿನವೂ ಹೀಗೆಯೇ ಒಂದು ಹೂಕುಂಡ ಹತ್ತದೆ ಉಳಿಯಿತು. ಕುಡಿದಿದ್ದ, ಸೊಕ್ಕಿತ್ತು ಎಂದು ಜನ ಇವತ್ತಿಗೂ ಆಡುತ್ತಾರೆ. ಖರೆ ಅಲ್ಲ, ನಾನು ಪಕ್ಕದಲ್ಲೇ ಇದ್ದೆ. ಓಣಿಯಲ್ಲೆಲ್ಲ ಚುರುಕು ಕೈ ಅವನದು. ಹರಿದ ಎಳೆಗೆ ಹೋಗುವ ಹಾಗೆ ಆ ಬತ್ತಿಗೂ ಹೋಯಿತು. ಕೈಯ ಹಿಂದೆ ಮುಖವೂ ಬಗ್ಗಿತು.

ಅದಕ್ಕೇ ಬರೆಯುತ್ತಿದ್ದೇನೆ. ಹೊಸಬರಿಗೆ ಏನು ಹೇಳಲಿ ಎಂದು ಕೇಳಿದ್ದೆಯಲ್ಲ, ನೀನು ನಿಂತ ಹಾಗೆ ನಿಲ್ಲಲು ಕಲಿಸು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೈ ಕಡೆ ಕಾಳಜಿ ಇರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆಯ ದೇವರು ನಿನ್ನ ಹತ್ತೂ ಬೆರಳು ಕಾಯಲಿ.

ನಿನ್ನ ಕಾಕಾ,
ಮುತ್ತಣ್ಣ

ತಾ. ಕ.: ಲಕೋಟೆ ಅಂಟಿಸಲು ಅನಸವ್ವ ಬಿಡುತ್ತಿಲ್ಲ, ಪೂರ್ತಿ ಬರಿ ಎನ್ನುತ್ತಾಳೆ. ಪಾಡ್ಯದ ದಿನ ನಾನು ಒಬ್ಬನೇ ಬಂದಿರಲಿಲ್ಲ. ಹೊರಡುವಾಗ ಅಣ್ಣ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಬೇವಿನ ಗಿಡದ ಕೆಳಗೆ ಅವನೂ ಇದ್ದ.

ಒಂದೊಂದು ಬಾಣ ಹಾರಿದಾಗಲೂ "ಯಾವ ಬಣ್ಣ?" ಎಂದು ಕೇಳುತ್ತಿದ್ದ. ನಾನು ಕೆಂಪು ಎಂದರೆ, "ಎಂಥಾ ಕೆಂಪಲೇ? ಆಯುಷ್ಯ ಪೂರಾ ನೂಲಿನಾಗ ಕುಂತು ಬರೇ ಕೆಂಪು ಅಂತೀಯಲ್ಲ. ದಾಳಿಂಬ್ರದ್ದೋ, ಇಟ್ಟಂಗಿದೋ?" ಎಂದು ಬೈದ. ಆಮೇಲೆ ಆ ಬಾಣ ಹಾರಲಿಲ್ಲ. ಸಪ್ಪಳ ನಿಂತದ್ದೇ ಅವನಿಗೆ ತಿಳಿದುಹೋಯಿತು. ನನ್ನ ರಟ್ಟೆ ಹಿಡಿದ.

"ಹ್ವಾದ್ಲೇನು?"

"ಇಲ್ಲ, ನಿಂತಾಳ."

"ಕೈ ಎಲ್ಲಿ ಅದಾವು?"

"ಬೆನ್ನ ಹಿಂದ ಕಟಗೊಂಡಾಳ."

"ಬಿಟ್ಟಾಳೇನು ನೋಡು."

ನೀನು ನಿಂತಷ್ಟು ಹೊತ್ತೂ ಅದನ್ನೇ ಕೇಳಿದ. ನೀರು ಸುರಿದಳು ಎಂದು ನಾನು ಹೇಳಿದ ಮೇಲೆಯೇ ರಟ್ಟೆ ಬಿಟ್ಟದ್ದು. ಹಿಡಿದ ಜಾಗ ಇನ್ನೂ ಕಪ್ಪಾಗಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದ: "ಸಿಟ್ಟಿಗೆ ಮಾತು ಬಿಟ್ಟಿಲ್ಲೋ ಮುತ್ತಾ. ಸಣ್ಣಾಕಿ ಇದ್ದಾಗ ಅಕೀ ಎಳಿ ಕಟ್ಟೂದು ನೋಡೀನಿ, ಆಗ ಕಣ್ಣಿದ್ದುವಲ್ಲ. ನನ್ನ ಕೈನ ಅಕೀಗಿ ಬಂದೈತಿ. ಅದು ಒಂದಿನ ತಾನ ಹೋಗತೈತಿ ಅಂತ ಅಂಜಿಕಿ. ಬಾಯಿ ತೆಗದ್ರ ಅಳು ಬರತೈತಿ, ಏನ್ ಮಾತಾಡ್ಲಿ?"

ಈ ಐತವಾರ ಬಾ. ಬಂದವಳೇ ಮಾತಿಗೆ ಶುರು ಮಾಡಬೇಡ. ಮೊದಲು ನಿನ್ನ ಎರಡೂ ಕೈಯನ್ನು ಅವನ ಕೈಯಲ್ಲಿಡು. ಒಂದೊಂದೇ ಬೆರಳು ಮುಟ್ಟಿ ನೋಡಲಿ.