ಹಳೆಯ ಕಾರಿನ ಹೀಟರ್ ಹಾಕಬೇಡಿ

ಅಪ್ಪಾ,

ಇವತ್ತು ತಂಗಿ ನಾಜ್ಲಿಯನ್ನು ನಿಮ್ಮ ಹಳೆಯ ಕಾರಿನಲ್ಲಿ ಅರ್ದಬೀಲ್ ಪಟ್ಟಣಕ್ಕೆ ಕರೆದೊಯ್ಯಬೇಡಿ. ನಿನ್ನೆ ಹೀಟರ್ ಹಾಕಿದ ಕಾಲು ಗಂಟೆಗೇ ಮಗು ತೂಕಡಿಸಿತು. “ಬೆಚ್ಚಗಿದ್ರೆ ಯಾರಿಗಮ್ಮಾ ನಿದ್ದೆ ಬರಲ್ಲ? ನಿಂಗೆ ಹೆದರೋಕೆ ಒಂದು ನೆಪ ಬೇಕು ಅಷ್ಟೇ” ಎಂದು ನಕ್ಕಿರಿ. ಮನೆಗೆ ಬಂದು ಅವಳು ವಾಂತಿ ಮಾಡಿಕೊಂಡಾಗ ನೀವು ನಗಲಿಲ್ಲ. ನನಗೂ ತಲೆ ಸಿಡಿಯುತ್ತಿತ್ತು.

ಬೆಳಿಗ್ಗೆ ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿ ನೋಡಿದೆ. ಬೇಸಿಗೆಯಲ್ಲಿ ಕೆಟ್ಟ ಎ.ಸಿ.ಯ ಕೊಳವೆ ಕಿತ್ತು, ಎಂಜಿನ್ ಕಡೆಯ ಆ ತೂತಿಗೆ ಉಣ್ಣೆಯ ಕಾಲುಚೀಲ ತುರುಕಿದ್ದಿರಲ್ಲ, ಅದು ಕಪ್ಪಾಗಿದೆ. ಅಲ್ಲಿ ಹಿಡಿದ ಕಾಗದ ಒಳಕ್ಕೇ ಹಾರಿತು. ಎಂಜಿನ್ನಿನ ವಿಷದ ಹೊಗೆ ಅಲ್ಲಿಂದಲೇ ಬರುತ್ತಿದೆ. ಮೆಕ್ಯಾನಿಕ್ ಉಸ್ತಾದ್ ಫಿರೂಜ್ ಸಂಜೆ ಮನೆಗೇ ಬಂದು ನೋಡುತ್ತಾರೆ.

ಕಿಟಕಿ ಇಳಿಸಿಕೊಂಡು ಹೋಗುತ್ತೇನೆ ಎನ್ನಬೇಡಿ. ಘಾಟಿಯ ಹಿಮ ಮುಖಕ್ಕೆ ಹೊಡೆದ ಕೂಡಲೇ ಏರಿಸುತ್ತೀರಿ. ಹೋಗಲೇಬೇಕಾದರೆ ಬಸ್ಸಿದೆ.

ನಾಜ್ಲಿ ಮಲಗಿದ್ದಾಳೆ. ಹೊರಡುವ ಮೊದಲು ಎರಡು ಸಲ ಅವಳ ಉಸಿರು ನೋಡಿ ಬಂದೆ.

ಅಮ್ಮ ಎಂದಿನಂತೆ ಕಾರಿನ ಹಿಂದೆ ಬಟ್ಟಲು ನೀರು ಚೆಲ್ಲಿ ಕಳಿಸಲು ಕಾದಿರುತ್ತಾಳೆ. ಆ ನೀರು ಹೋದವರನ್ನು ಮನೆಗೆ ಮರಳಿಸುತ್ತದೆಂದು ನಾನೂ ನಂಬುತ್ತೇನೆ. ದಾರಿಯಲ್ಲಿ ನಿದ್ದೆಹೋದವರನ್ನು ಅದು ಎಬ್ಬಿಸುವುದಿಲ್ಲ, ಅಪ್ಪಾ.

ಕೀಲಿ ಹುಡುಕಬೇಡಿ. ನಾನು ಕಾಲೇಜಿಗೆ ಒಯ್ದಿದ್ದೇನೆ.

ಸೆವಿಲ್