ಸಂಕದ ಮೇಲೆ ಪತ್ತಾಯ

ಸವಣೂರು
ಮಂಗಳವಾರ, ೧೬ ಡಿಸೆಂಬರ್ ೧೯೫೮

ಅವ್ವನಿಗೆ ನಿನ್ನ ಲೋಲಾಕ್ಷಿಯ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ನೀನು, ಅಚ್ಚುತಣ್ಣ, ನೀಲಾವತಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನೀಲಾವತಿ, ಇದನ್ನು ಅವ್ವನಿಗೆ ಓದಿ ಹೇಳುವವಳು ನೀನೇ ಎಂದು ನನಗೆ ಗೊತ್ತು. ಬಸ್ಸು ತಪ್ಪುತ್ತದೋ ಎಂಬ ಹಾಗೆ ಓದಬೇಡ, ನಿಧಾನಕ್ಕೆ ಓದು. ಜಗಲಿಯಲ್ಲಿ ಬೇಡ, ಅಡುಗೆಮನೆಯಲ್ಲಿ ಕೂತು ಓದು.

ಕಡಬದ ಮನೆ ಬಿಟ್ಟು ಸವಣೂರಿಗೆ ಬಂದು ಒಂದು ತಿಂಗಳಾಯಿತು, ಒಂದು ಸಾಲು ಬರೆಯಲಿಲ್ಲ ಎಂದು ನೀನು ಸಿಟ್ಟಾಗಿರಬೇಕು. ಆಗು. ನಾನು ಬರೆಯಲು ಕೂತು ಮೂರು ಕಾಗದ ಹರಿದಿದ್ದೇನೆ. ಈ ಮನೆ ಚೆನ್ನಾಗಿದೆ. ಹೆಂಚಿನ ಮನೆ, ಬಾವಿ ಅಂಗಳದಲ್ಲೇ ಇದೆ, ಶಾಲೆಗೆ ಐದು ನಿಮಿಷದ ದಾರಿ. ನಿನ್ನ ಅಳಿಯ ಈಗ ಗಂಟೆ ಬಾರಿಸಿದ ಮೇಲೆ ಮನೆಯಿಂದ ಹೊರಟರೂ ಹಾಜರಿ ಕರೆಯುವುದಕ್ಕೆ ತಲುಪುತ್ತಾರೆ. ಮನೆಯ ಸುದ್ದಿ ಇಷ್ಟೇ. ಬರೆಯಬೇಕಾದದ್ದು ಮನೆ ಬದಲಿಸಿದ ಸುದ್ದಿ.

ವರ್ಷದ ನಡುವೆ ವರ್ಗದ ಆರ್ಡರು ಬಂದ ದಿನವೇ ನಾನು ಹೇಳಿದ್ದೆ, ಅಹ್ಮದ್ ಕುಂಞಿಗೆ ಹೇಳಿ ಎಂದು. ಕಡಬ ಪೇಟೆಯಲ್ಲಿ ಗಾಡಿ ಇಟ್ಟುಕೊಂಡು ಇನ್ನೊಬ್ಬರ ಸಾಮಾನು ಸಾಗಿಸುವುದೇ ಅವನ ಕಸುಬು. ಹೊರುವವರು ಇಬ್ಬರು ಅವನ ಜೊತೆಗೇ ಇರುತ್ತಾರೆ. ಅವರ ಕೆಲಸ ನಾನು ನೋಡಿದ್ದೇನೆ ಅವ್ವ. ಒಳಗೆ ಎಂತ ಉಂಟು ಎಂದು ಕೇಳದೆ ಒಂದು ಡಬ್ಬಿಗೂ ಕೈ ಹಾಕುವುದಿಲ್ಲ. ಮುಚ್ಚಳ ತೆಗೆಸಿ ನೋಡಿ, ಅಲ್ಲಾಡುವುದನ್ನು ಹೊರಗೆ ತೆಗೆದು, ಆಮೇಲೆ ಹಗ್ಗ ಬಿಗಿಯುತ್ತಾರೆ. ಆದರೆ ನಿನ್ನ ಅಳಿಯ ಕೇಳಬೇಕಲ್ಲ. "ಎಂತಕ್ಕೆ ಮಾರಾಯ್ತಿ ಸುಮ್ಮನೆ ದಂಡ? ನಮ್ಮವರೇ ಇಷ್ಟು ಜನ ಇಲ್ವಾ?" ಎಂದರು. ನೆರೆಮನೆಯ ಮಾಯಿಲಪ್ಪಣ್ಣನ ಗಾಡಿ ಕೇಳಿದರು. ಊರಿನವರೂ, ಏಳು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ಮಾಷ್ಟ್ರು ಹೋಗುತ್ತಾರೆಂದು ಪಾಪ, ಬೆಳಿಗ್ಗೆಯೇ ಎಂಟು ಜನ ಅಂಗಳದಲ್ಲಿ ಬಂದು ನಿಂತಿದ್ದರು. ಎಂಟು ಜನರಿಗೆ ಕಾಪಿ, ದೋಸೆ, ಮಧ್ಯಾಹ್ನಕ್ಕೆ ಊಟ. ಪಾತ್ರೆ ಎಲ್ಲ ಗೋಣಿಯೊಳಗೆ, ಅಡುಗೆ ಯಾವುದರಲ್ಲಿ ಮಾಡುವುದು? ಕಟ್ಟಿದ ಗೋಣಿ ಬಿಚ್ಚಿ ಅನ್ನ ಮಾಡಿದೆ. ಉಪ್ಪಿನಕಾಯಿ ಭರಣಿಯನ್ನು ಯಾರೋ ಪುಣ್ಯಾತ್ಮರು ಪುಸ್ತಕದ ಮೂಟೆಯ ಮೇಲೆ ಕೂರಿಸಿದ್ದರು. ಅದು ದಾರಿಯಲ್ಲಿ ಬಿರುಕು ಬಿಟ್ಟು, ಈಗ ಇವರ ವ್ಯಾಕರಣ ಪುಸ್ತಕ ತೆಗೆದರೂ ಮಾವಿನಮಿಡಿಯ ಪರಿಮಳ ಬರುತ್ತದೆ. ಅದಕ್ಕೆ ನಾನು ನಕ್ಕೆ. ಅದು ನಗುವಂಥದ್ದೇ.

ಆ ಎಂಟು ಜನರಲ್ಲಿ ಡೊಂಬಯ್ಯ ಒಬ್ಬ. ನಿನಗೆ ನೆನಪಿರಬೇಕು, ನೀನು ಕಡಬಕ್ಕೆ ಬಂದಿದ್ದಾಗ ಎಳನೀರು ಇಳಿಸಿ ಕೊಟ್ಟು, "ಅಜ್ಜಿ, ಇನ್ನೊಂದು ಕುಡೀರಿ, ಮರ ಎಂತ ನಿಮ್ಮ ಅಳಿಯನದ್ದಾ?" ಎಂದು ನಗಿಸಿದವನು. ನಾಲ್ಕು ತೋಟದ ಅಡಿಕೆ ಅವನೇ ಕೊಯ್ಯುವುದು. ಒಂದು ಮರದ ತುದಿ ಬಗ್ಗಿಸಿ ಇನ್ನೊಂದು ಮರ ಹಿಡಿದರೆ ಹತ್ತು ಮರ ಮುಗಿಯುವವರೆಗೆ ನೆಲಕ್ಕೆ ಇಳಿಯುವವನಲ್ಲ. ಕೊಯ್ಲು ಶುರುವಾಗುವ ಹೊತ್ತು. ಒಂದು ದಿನದ ಕೆಲಸ ಬಿಟ್ಟು ಬಂದಿದ್ದ. ಅವನ ಮಗಳು ಇವರ ಹತ್ತಿರ ಓದು ಕಲಿತವಳು.

ಹೊರಡುವ ಮೂರು ದಿನ ಮೊದಲು ನಮಗಿಬ್ಬರಿಗೂ ಒಂದು ಜಗಳ ಆಗಿತ್ತು. ಹಿಟ್ಟು ಕಡೆಯುವ ಕಲ್ಲಿನ ವಿಷಯ. ನಾನು ಬೇರೆ ಸಂಸಾರ ಹೂಡಿದಾಗ ನೀನು ನಿನ್ನ ಕಲ್ಲನ್ನೇ ನೆಲದಿಂದ ಕೀಳಿಸಿ ಗಾಡಿಯಲ್ಲಿ ಕಳಿಸಿದ್ದಿಯಲ್ಲ, ಅದು. ನಾನು ಒಯ್ಯಬೇಕು ಎಂದೆ. ಇವರು, "ಸವಣೂರಿನ ಮನೆಯಲ್ಲಿ ಕಲ್ಲು ಉಂಟಲ್ಲ. ಎರಡೆರಡು ಕಲ್ಲು ಎಂತಕ್ಕೆ, ತಲೆಗೆ ಹಾಕ್ಲಿಕ್ಕಾ?" ಎಂದರು. ಎರಡು ದಿನ ಮಾತು ಬಿಟ್ಟೆ. ಕಡೆಗೆ ಕಲ್ಲು ಅಲ್ಲೇ ಉಳಿಯಿತು.

ನಮ್ಮ ಮನೆಯಿಂದ ರಸ್ತೆಗೆ ಹೋಗಬೇಕಾದರೆ ನೀರು ಹರಿಯುವ ತೋಡು ದಾಟಬೇಕು. ನಾಲ್ಕು ಅಡಿಕೆ ಮರ ಜೋಡಿಸಿದ ಸಂಕ, ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಎಲ್ಲ ಸಾಮಾನು ದಾಟಿತು. ಕೊನೆಗೆ ಉಳಿದದ್ದು ಅಕ್ಕಿ ತುಂಬಿಸುವ ಪತ್ತಾಯ. ಅಕ್ಕಿ ಮೊದಲೇ ತೆಗೆದಾಗಿತ್ತು, ಖಾಲಿ ಪೆಟ್ಟಿಗೆ. ಬಿದಿರಿಗೆ ಬಿಗಿದು ಮುಂದಿನ ತುದಿಗೆ ಡೊಂಬಯ್ಯ, ಹಿಂದಿನ ತುದಿಗೆ ಇವರು ಹೆಗಲು ಕೊಟ್ಟರು. ಸಂಕದ ಆಚೆ ದಡದಲ್ಲಿ ಇಳಿಜಾರು. ಡೊಂಬಯ್ಯ ಅಲ್ಲಿ ಕಾಲಿಡುವುದಕ್ಕೂ ಪತ್ತಾಯ ಮುಗ್ಗರಿಸುವುದಕ್ಕೂ ಸರಿಯಾಯಿತು. ಹಗ್ಗ ಜಾರಿ, ಇಡೀ ಪೆಟ್ಟಿಗೆ ಅವನ ಬಲಗಾಲಿನ ಮೇಲೆ ಕೂತಿತು. ಅವನು ಕೂಗಲೇ ಇಲ್ಲ. "ಮಾಷ್ಟ್ರೇ, ನಿಮಗೆ ಎಂತಾದ್ರೂ ಆಯ್ತಾ?" ಎಂದು ಕೇಳಿದ. ಅಯ್ಯೋ ಅವ್ವ, ಅವನು ಕೂಗಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಇವರು ಎಲ್ಲರ ಎದುರು ತಲೆ ತಗ್ಗಿಸಿ, ತನ್ನ ಕೈ ಜಾರಿತು ಎಂದರು. ಮಾಯಿಲಪ್ಪಣ್ಣನ ಗಾಡಿಯಿಂದ ನಮ್ಮ ಸಾಮಾನು ಇಳಿಸಿ, ಡೊಂಬಯ್ಯನನ್ನು ಮಲಗಿಸಿ ಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರು. ಪಾದದ ಎಲುಬು ಎರಡು ಕಡೆ ಮುರಿದಿದೆ, ಕೂಡುತ್ತದೆ, ನಡೆಯುತ್ತಾನೆ, ಆದರೆ ಮರ ಹತ್ತುವ ಯೋಚನೆ ಬಿಡಬೇಕು ಎಂದು ಡಾಕ್ಟರು ಹೇಳಿದರಂತೆ. ನಮ್ಮ ಸಾಮಾನು ಮೂರು ದಿನ ರಸ್ತೆಬದಿಯ ಮಾಯಿಲಪ್ಪಣ್ಣನ ಹಟ್ಟಿಯಲ್ಲಿತ್ತು. ಆಮೇಲೆ ಬಂದೆವು.

ಅಂದಿನಿಂದ ಇವರು ಮೊದಲಿನ ಮನುಷ್ಯರಲ್ಲ. ಪ್ರತಿ ಭಾನುವಾರ ಕಡಬಕ್ಕೆ ಹೋಗುತ್ತಾರೆ. ಅಕ್ಕಿ ಕೊಂಡುಹೋದರೆ ಡೊಂಬಯ್ಯನ ಹೆಂಡತಿ ಸೇವಂತಿ ತೆಗೆದುಕೊಳ್ಳುತ್ತಾಳೆ, ದುಡ್ಡು ಕೊಟ್ಟರೆ ಡೊಂಬಯ್ಯ ಮುಟ್ಟುವುದಿಲ್ಲ. "ನಾನು ಕೂಲಿಗೆ ಬಂದದ್ದಾ ಮಾಷ್ಟ್ರೇ?" ಎನ್ನುತ್ತಾನಂತೆ. ಕೂಲಿಯವರಾಗಿದ್ದರೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಪ್ರೀತಿಗೆ ಬಂದವನಿಗೆ ಏನು ಕೊಡುವುದು? ಮಾಷ್ಟ್ರು ಕಂಜೂಸುತನ ಮಾಡಿ ಒಬ್ಬನ ಕಾಲು ತೆಗೆದರು ಎಂದು ಪೇಟೆಯಲ್ಲಿ ಮಾತಾಡುತ್ತಾರೆ. ಪೇಟೆಯವರು ಹಾಗಿರಲಿ, ನಾನೂ ಹೇಳಿದೆ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇವರು ಅಂದದ್ದಕ್ಕೆ, ಅಹ್ಮದ್ ಕುಂಞಿಗೆ ಹೇಳಿದ್ದರೆ ಒಬ್ಬನ ಅನ್ನ ಹೋಗುತ್ತಿರಲಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಇವರು ತಟ್ಟೆಯಲ್ಲಿ ಕೈ ತೊಳೆದು ಎದ್ದರು.

ಈಗ ನೀನು ಅಚ್ಚುತಣ್ಣನಿಗೆ ಒಂದು ಮಾತು ಹೇಳಬೇಕು. ಜಾಲ್ಸೂರಿನ ತೋಟದಲ್ಲಿ ಅಡಿಕೆ ಒಣಗಿಸುವುದು, ಸುಲಿಸುವುದು, ಲೆಕ್ಕ ನೋಡುವುದಕ್ಕೆ ನಂಬಿಕೆಯ ಜನ ಇಲ್ಲ ಎಂದು ಅಣ್ಣ ಯಾವಾಗಲೂ ಗೊಣಗುತ್ತಾನಲ್ಲ? ಡೊಂಬಯ್ಯನನ್ನು ಇಟ್ಟುಕೊಳ್ಳಲಿ. ಅಡಿಕೆಯನ್ನು ಮುಟ್ಟಿದರೇ ಅದು ಎಷ್ಟು ಒಣಗಿದೆ ಎಂದು ಹೇಳುವವನು. ಅಂಗಳದ ಆಚೆಯ ಬಿಡಾರ ಖಾಲಿ ಇದೆ. ಗಂಡ ಹೆಂಡತಿ ಇರಬಹುದು, ಮಗಳು ಸುಳ್ಯದ ಶಾಲೆಗೆ ಹೋಗಬಹುದು. ಅಣ್ಣ ಹೂಂ ಎನ್ನುವವರೆಗೆ ನೀನು ಬಿಡಬೇಡ.

ಊರವರಿಗೆ ಗೊತ್ತಿರುವುದು ಇಷ್ಟೇ. ಇನ್ನು ಬರೆಯುವುದು ನನ್ನದು. ಅದನ್ನು ಬಿಟ್ಟು ಬರೆದದ್ದಕ್ಕೇ ಮೊದಲಿನ ಮೂರು ಕಾಗದ ಹರಿದದ್ದು.

ಕಲ್ಲು ಉಳಿಯಿತು ಎಂದೆನಲ್ಲ, ಅದರ ಕಡೆಯುವ ಗುಂಡು ಉಳಿಯಲಿಲ್ಲ. ನಿನ್ನ ಕೈ ಹಿಡಿದು ಹಿಡಿದು ನುಣುಪಾದ ಗುಂಡು ಅವ್ವ. ನನ್ನ ಕೈಗೂ ಅದೇ ಅಭ್ಯಾಸ. ಯಾರದೋ ಮನೆಯ ಕಲ್ಲಾದರೂ ಇರಲಿ, ತಿರುಗಿಸುವುದಕ್ಕೆ ಇದಾದರೂ ಬೇಕು ಎಂದು ಹಟ ಹುಟ್ಟಿತು. ಹೊರಡುವ ದಿನ ಎಲ್ಲರೂ ಊಟಕ್ಕೆ ಕೂತಾಗ, ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಖಾಲಿ ಪತ್ತಾಯದೊಳಗೆ ಎರಡು ದಿಂಬಿನ ನಡುವೆ ಇಟ್ಟು, ಮುಚ್ಚಳ ಹಾಕಿದೆ. ಅಹ್ಮದ್ ಕುಂಞಿಯ ಜನ ಆಗಿದ್ದರೆ ಮುಚ್ಚಳ ತೆಗೆಸುತ್ತಿದ್ದರು. ನಮ್ಮವರು ಅಕ್ಕನ ಪೆಟ್ಟಿಗೆ ಎಂದು ಮರ್ಯಾದೆಗೆ ಕೈ ಹಾಕಲಿಲ್ಲ. ಅವರು ಎತ್ತುವಾಗ ಹೇಳಬೇಕು ಎಂದು ಬಾಯಿ ತೆರೆದೆ. ಇವರು ನಗುತ್ತಾರೆ ಎಂದು ಮುಚ್ಚಿಕೊಂಡೆ. ಇಳಿಜಾರಿನಲ್ಲಿ ಗುಂಡು ಮುಂದಕ್ಕೆ ಉರುಳಿತು. ಪತ್ತಾಯ ಬಿದ್ದಾಗ ಮುಚ್ಚಳ ತೆರೆದು ಅದು ತೋಡಿನ ನೀರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಎಲ್ಲರೂ ಡೊಂಬಯ್ಯನ ಕಾಲು ನೋಡುತ್ತಿದ್ದರು. ನಾನು ಒಂದು ಮಾತೂ ಆಡಲಿಲ್ಲ. ಇವರು ತಪ್ಪು ತಲೆಯ ಮೇಲೆ ಹಾಕಿಕೊಂಡಾಗಲೂ ಆಡಲಿಲ್ಲ. ಇನ್ನೂ ಎಷ್ಟು ಕೆಟ್ಟವಳೆಂದರೆ, ಅದೇ ತಪ್ಪಿಗೆ ಇವರನ್ನು ಬೈದೆ.

ಮೊನ್ನೆ ಶುಕ್ರವಾರ ಪುತ್ತೂರು ಪೇಟೆಗೆ ಎಂದು ಸುಳ್ಳು ಹೇಳಿ ಕಡಬಕ್ಕೆ ಹೋದೆ. ಡೊಂಬಯ್ಯ ಯಾರದೋ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ. ಕಾಲಿಗೆ ಪಟ್ಟಿ, ಪಕ್ಕದಲ್ಲಿ ಊರುಗೋಲು. ಕುತ್ತಿಗೆ ಎತ್ತಿ ನೋಡಬೇಕಾದವನನ್ನು ತಗ್ಗಿ ನೋಡಿದೆ. ನನ್ನನ್ನು ಕಂಡು, "ಎಂತ ಅಕ್ಕ, ಹೊಸ ಮನೆ ಹೇಗುಂಟು?" ಎಂದು ನಗುತ್ತಾ ಎದ್ದ. ಅವನ ಊರುಗೋಲಿನ ಹಿಂದೆಯೇ ಅವನ ಮನೆಯವರೆಗೆ ನಡೆದೆ. ಅಂಗಳದಲ್ಲಿ ನಿಂತು, ಡೊಂಬಯ್ಯ, ನಿನಗೊಂದು ವಿಷಯ ಹೇಳಬೇಕು ಎಂದೆ. ಅಷ್ಟು ಹೊತ್ತಿಗೆ ಸೇವಂತಿ ಒಳಗಿನಿಂದ ಅಡಿಕೆ ಹಾಳೆಯಲ್ಲಿ ಕಟ್ಟಿದ ಒಂದು ಗಂಟು ತಂದು ನನ್ನ ಕಾಲ ಬಳಿ ಇಟ್ಟಳು. ಬಿಚ್ಚುವುದೇ ಬೇಕಾಗಿರಲಿಲ್ಲ.

"ತೋಡಿನಿಂದ ತೆಗೆದು ತಾ ಅಂತ ಇವರು ಹೇಳಿದ್ದು" ಎಂದು ಗಂಡನ ಕಡೆ ಕೈ ತೋರಿಸಿದಳು.

ನಾನು ಅಲ್ಲೇ ಕೂತು ಅತ್ತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಡೊಂಬಯ್ಯನನ್ನೇ ಕೇಳಿದೆ, ನಾಚಿಕೆಗೆಟ್ಟವಳು. "ಹೇಳಿದ್ರೆ ನನ್ನ ಕಾಲು ಸರಿಯಾಗುದುಂಟಾ ಅಕ್ಕ? ನಿಮ್ಮಿಬ್ಬರಿಗೆ ಜಗಳ ಆಗುದು ಅಷ್ಟೆ" ಎಂದ. ಕಾಲು ನೋಯುವಾಗ ನಿಮ್ಮ ಮೇಲೆ ಸಿಟ್ಟು ಬಂದದ್ದುಂಟು, ಇಲ್ಲ ಅಂತ ಹೇಳುದಿಲ್ಲ ಎಂದೂ ಹೇಳಿದ. ಆ ಮಾತು ಕೇಳಿ ನನಗೆ ಸ್ವಲ್ಪ ಉಸಿರಾಡಲು ಸಾಧ್ಯವಾಯಿತು. ಜಾಲ್ಸೂರಿನ ಕೆಲಸದ ಮಾತು ನಾನೇ ಎತ್ತಿದೆ. "ದುಡ್ಡು ಕೊಟ್ರೆ ಬೇಡ. ಕೆಲಸ ಕೊಟ್ರೆ ಬರ್ತೇನೆ" ಎಂದ.

ಗುಂಡನ್ನು ಚೀಲದಲ್ಲಿ ಹಾಕಿ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಸರಿಸಲು ಹೋಗಿ, "ಎಂತ ಅಕ್ಕ ಇದು, ಕಲ್ಲಾ?" ಎಂದ. ಹೌದು ಎಂದೆ. ಅವನು ತಮಾಷೆ ಎಂದುಕೊಂಡ. ಈಗ ಅದು ಸೌದೆಯ ರಾಶಿಯ ಹಿಂದೆ ಇದೆ. ಇವರಿಗೆ ಇನ್ನೂ ಹೇಳಿಲ್ಲ. ಎದುರು ನಿಂತರೆ ನನ್ನ ನಾಲಗೆ ಬೈಯುವುದಕ್ಕೆ ಮಾತ್ರ ಹೊರಳುತ್ತದೆ, ನಿನಗೆ ಗೊತ್ತಲ್ಲ.

ಅವ್ವ, ನನ್ನ ಮೇಲೆ ಸಿಟ್ಟಾಗು, ಆದರೆ ಅಣ್ಣನಿಗೆ ಹೇಳುವುದನ್ನು ಮರೆಯಬೇಡ.

ನಿನ್ನ ಮಗಳು
ಲೋಲಾಕ್ಷಿ

ತಾ.ಕ.: ಲಕೋಟೆ ಅಂಟಿಸಿಲ್ಲ. ಅಂಚೆಗೆ ಹಾಕಲು ಇವರ ಕೈಯಲ್ಲೇ ಕೊಡುತ್ತಿದ್ದೇನೆ, ಓದಿದ ಮೇಲೆ ಅಂಟಿಸಿ ಎಂದು ಹೇಳಿ.

ಅತ್ತೆಯವರಿಗೆ ನಮಸ್ಕಾರ. ಓದಿದೆ. ಜಾಗ ಕಡಿಮೆ ಇರುವುದರಿಂದ ಎರಡೇ ಮಾತು. ನನ್ನ ಕೈ ಜಾರಲಿಲ್ಲ. ಪತ್ತಾಯವನ್ನು ಅಂಗಳದಲ್ಲಿ ಎತ್ತುವಾಗಲೇ ಒಳಗೆ ಉರುಳಿದ ಸದ್ದು ಕೇಳಿತ್ತು, ಗುಂಡು ಎಂದೂ ತಿಳಿದಿತ್ತು. ಇಳಿಸಿ ತೆರೆದರೆ ಎಂಟು ಜನರ ಎದುರು ಇವಳ ಮುಖ ಸಣ್ಣದಾಗುತ್ತದೆ ಎಂದು ಸುಮ್ಮನೆ ಹೆಗಲು ಕೊಟ್ಟೆ. ಸೌದೆಯ ಹಿಂದೆ ಇದ್ದದ್ದನ್ನು ಈಗಷ್ಟೇ ತೊಳೆದು ಕಲ್ಲಿನ ಮೇಲೆ ಇಟ್ಟಿದ್ದೇನೆ. ಬರುವ ಭಾನುವಾರ ಇಬ್ಬರೂ ಒಟ್ಟಿಗೆ ಕಡಬಕ್ಕೆ ಹೋಗಿ ಡೊಂಬಯ್ಯನಿಗೆ ನನ್ನ ಪಾಲಿನ ತಪ್ಪನ್ನೂ ಹೇಳುತ್ತೇವೆ. ಅಚ್ಚುತ ಒಪ್ಪಿದರೆ ಒಂದು ಕಾರ್ಡು ಹಾಕಿಸಿ. ಡೊಂಬಯ್ಯನ ಸಾಮಾನು ಜಾಲ್ಸೂರಿಗೆ ಸಾಗಿಸಲು ಅಹ್ಮದ್ ಕುಂಞಿಗೇ ಹೇಳುತ್ತೇನೆ. ಒಳಗೆ ಏನಿದೆ ಎಂದು ಅವನ ಜನ ಕೇಳಿಯೇ ಎತ್ತುತ್ತಾರೆ.