ಊಟದ ಹೊತ್ತಿಗೆ ಅಪ್ಪನಿಗೆ ಹೇಳು

ಜನವರಿ 9, ಗುರುವಾರ. ಬೆಳಿಗ್ಗೆ 10

ನಿನ್ನೆಯೂ ಮಧ್ಯಾಹ್ನ ಮೂರರಿಂದ ಹನ್ನೊಂದರ ಶಿಫ್ಟ್. ಲೇಬಲ್ ಸರಿಯಿಲ್ಲದ ರಕ್ತದ ಸ್ಯಾಂಪಲ್ ನಾಲ್ಕು ವಾಪಸ್. ಈಗ ಎದ್ದೆ. ಬಟ್ಟೆ ಮಷೀನಿಗೆ ಹಾಕಿ ಮೇಲ್ ತೆರೆದರೆ — ಜಯಾ. ನನ್ನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಸಿಡ್ನಿಗೆ ಹೋದಾಗಿನಿಂದ ಲಾಯರ್‌ಗೆ ಬರೆದ ಹಾಗೆ ಬರೆಯುತ್ತಾಳೆ, ನಂಬರ್ ಹಾಕಿ.

ಒಂದು: ಇಂಚರಾಳನ್ನು ಈ ವರ್ಷ ಸ್ಕೂಲಿಗೆ ಕಳಿಸುವುದಿಲ್ಲ, ಹೋಮ್‌ಸ್ಕೂಲ್. ಎರಡು: ಕ್ರಿಶ್ಚಿಯನ್ ಕರಿಕ್ಯುಲಮ್, ಇದರಲ್ಲಿ ಚರ್ಚೆ ಇಲ್ಲ. ಮೂರು: ಸೈನ್ಸ್ ಪುಸ್ತಕ ಮಾತ್ರ ನೀವು ಆರಿಸಿ. ಮೂರು ಸ್ಯಾಂಪಲ್ ಕಳಿಸಿದ್ದೇನೆ. ಯಾವುದು, ಯಾಕೆ — ಎರಡು ಸಾಲು ಬರೆಯಿರಿ, ಹೋಮ್‌ಸ್ಕೂಲ್ ರಿಜಿಸ್ಟ್ರೇಷನ್ ಫೈಲಿಗೆ ಬೇಕು.

ತಲೆ ಕೆಟ್ಟುಹೋಯಿತು. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಸ್ಕೂಲ್ ಬಿಡಿಸಲು ನೀನು ಯಾರು, ಅವಳು ನನ್ನ ಮಗಳೂ ಹೌದು, ಇತ್ಯಾದಿ. ಜಯಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತನ್ನ ಬೆಟಗೇರಿ ಮಾತಿನಲ್ಲಿ ಮೆಲ್ಲಗೆ:

“ಹೋದ ವರ್ಷ ಸಾಲ್ಯಾಗ ಆಕಿ ಒಂದ ಮಾತೂ ಆಡಿಲ್ರಿ. ಟಾಯ್ಲೆಟ್ಟಿಗೆ ಹೋಗ್ತೀನಂತ ಸುದ್ದಾ ಕೇಳಿಲ್ಲ. ಕ್ಲಾಸಿನ್ಯಾಗ ಬಟ್ಟಿ ಒದ್ದಿ ಮಾಡ್ಕೊಂಡ್ಳು. ನಿಮಗ ಹೇಳಿದ್ದಿಲ್ಲ.”

ಎಂಟು ವರ್ಷದ ಹುಡುಗಿ. ನಾವು ಬೇರೆಯಾದ ತಿಂಗಳಿಂದ ಬಾಯಿ ಕಟ್ಟಿದೆ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ನನಗೂ ಬರೀ ತಲೆ ಆಡಿಸುತ್ತಾಳೆ. ಫೋನೆಂದರೆ ನಾಚಿಕೆ ಅಂದುಕೊಂಡಿದ್ದೆ. ದಡ್ಡ ನಾನು. ಇಂಚರಾ ಎಂದು ಹೆಸರಿಟ್ಟವನೂ ನಾನೇ.

ಜನವರಿ 11, ಶನಿವಾರ

ರಜೆ. ಮೂರೂ ಓದಿದೆ. ನೀಲಿ ರಟ್ಟಿನದು ಬರೀ ಉಪದೇಶ, ಪಕ್ಕಕ್ಕೆ.

ಹಳದಿ — ಭೇಷ್. ಪ್ರತಿ ಪಾಠದ ನೆತ್ತಿಗೆ ಒಂದು ಬೈಬಲ್ ವಚನ, ಕೆಳಗೆ ಅಪ್ಪಟ ಪ್ರಯೋಗ. ಬ್ರೆಡ್ಡಿನ ಮೂರು ತುಂಡು: ಒಂದು ಒಣ, ಒಂದು ಒದ್ದೆ, ಒಂದು ಫ್ರಿಜ್ಜಿನಲ್ಲಿ. ಬೂಷ್ಟು ಎಲ್ಲಿ ಮೊದಲು ಬರುತ್ತದೆ? ಊಹೆ ಬರೆ, ಏಳು ದಿನ ನೋಡು, ಊಹೆ ತಪ್ಪಾದರೆ ಅಳಿಸಬೇಡ. ದೇವರು ಮಾಡಿದ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಹರಿಹರದ ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು, ದೇವರ ಹೆಸರು ಬೇರೆ, ಅಷ್ಟೆ. ಕಣ್ಣಾರೆ ನೋಡಿ ಬರೆ ಅಂತಾರಲ್ಲ, ನನಗೆ ಅದು ಸಾಕು.

ಹಸಿರು — ತೆಳು. ನಾಲ್ಕು ಪಾಠಕ್ಕೆ ಒಂದು ಪ್ರಯೋಗ. ವೈರಸ್ಸು, ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಗಾತ್ರಕ್ಕೆ ಬರೆದಿದ್ದಾರೆ, ಪುಣ್ಯಾತ್ಮರು. ಮುಚ್ಚುವವನಿದ್ದೆ. ಆಗ ಪಾಠದ ಕೊನೆಯ ಚೌಕ ಕಣ್ಣಿಗೆ ಬಿತ್ತು. ಊಟದ ಟೇಬಲ್ಲಿನ ಚಿತ್ರ. “ಇವತ್ತು ಕಲಿತದ್ದನ್ನು ಊಟದ ಹೊತ್ತಿಗೆ ನಿನ್ನದೇ ಮಾತಿನಲ್ಲಿ ಅಪ್ಪನಿಗೆ ಹೇಳು.” ಅದರ ಕೆಳಗೆ ಒಂದು ಗೆರೆ, ಅಪ್ಪನ ಸಹಿಗೆ.

ಪ್ರತಿ ಪಾಠಕ್ಕೂ ಇದೆ. ವಾರಕ್ಕೆ ನಾಲ್ಕು ಪಾಠ, ವರ್ಷಕ್ಕೆ ನೂರಿಪ್ಪತ್ತು. ಅಂದರೆ ನೂರಿಪ್ಪತ್ತು ಸಂಜೆ ಅವಳು ನನಗೆ ಏನಾದರೂ ಹೇಳಲೇಬೇಕು.

ಜನವರಿ 12, ಭಾನುವಾರ

ಗೋಪೀನಾಥನಿಗೆ ತೋರಿಸಿದೆ. ಲ್ಯಾಬಿನಲ್ಲೂ ಜೊತೆ, ಇಲ್ಲಿ ಟ್ರುಗನಿನಾ ಬಡಾವಣೆಯಲ್ಲೂ ಪಕ್ಕದ ಮನೆ. ಎರಡೂ ಪುಸ್ತಕ ನೋಡಿ ನಕ್ಕ. “ಸೈನ್ಸ್ ಓದಿದೋನು ನೀನು. ಬಾಕ್ಸ್ ನೋಡ್ಕೊಂಡು ಬುಕ್ ಆರಿಸ್ತೀಯಲ್ಲೋ” ಅಂದ. ಆಮೇಲೆ ನನ್ನ ಮುಖ ನೋಡಿ ಟೀ ಮಾಡಿಕೊಟ್ಟ.

ಹಸಿರು ಎಂದು ಕಳಿಸಿದೆ. ಕಾರಣ: “ಭಾಷೆ ಸರಳವಾಗಿದೆ. ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ.” ಲ್ಯಾಬಿನ ಹದಿನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ರಿಪೋರ್ಟ್ ಕೊಟ್ಟವನಲ್ಲ ನಾನು. ಇದು ಮೊದಲನೆಯದು.

ಫೆಬ್ರವರಿ 4, ಮಂಗಳವಾರ

ನಿನ್ನೆ ಮೊದಲ ಪಾಠ. ಅವರ ಊಟ ಆರೂವರೆಗೆ. ನಾನು ಡ್ಯೂಟಿಯಲ್ಲಿ! ಪುಸ್ತಕ ಆರಿಸುವಾಗ ಇದು ಹೊಳೆಯಲಿಲ್ಲ ನೋಡು. ಡೇ ಶಿಫ್ಟ್ ಕೇಳಿದೆ, ಹೊಸ ರೋಸ್ಟರ್ ಮೇ ತಿಂಗಳಿಗಂತೆ. ಅಲ್ಲಿಯವರೆಗೆ ಆರೂವರೆಗೆ ಹದಿನೈದು ನಿಮಿಷ ಬ್ರೇಕ್.

ಕಾರ್ ಪಾರ್ಕಿನಲ್ಲಿ, ಕಾರೊಳಗೆ ಕೂತು ಕಾಲ್ ಮಾಡಿದೆ. ಸ್ಕ್ರೀನಿನಲ್ಲಿ ಇಂಚರಾ, ಅನ್ನದ ತಟ್ಟೆ, ಹಸಿರು ಪುಸ್ತಕ. ಬಾಯಿ ತೆರೆದಳು. ಮುಚ್ಚಿದಳು. ಹದಿನೈದು ನಿಮಿಷ ನಾನೇ ಏನೇನೋ ಒದರಿದೆ. ಹೇಳಿದರೆ ತಾನೇ ಸಹಿ. ಗೆರೆ ಖಾಲಿ ಉಳಿಯಿತು.

ಫೆಬ್ರವರಿ 13, ಗುರುವಾರ

ಹಳದಿ ಪುಸ್ತಕದ ಬ್ರೆಡ್ಡಿನ ಪ್ರಯೋಗ ನಾನೇ ನಮ್ಮ ಅಡುಗೆಮನೆಯಲ್ಲಿ ಮಾಡಿದ್ದೆ. ನಿನ್ನೆ ಒದ್ದೆ ತುಂಡನ್ನು ಡಬ್ಬಿಯಲ್ಲಿಟ್ಟು ಕ್ಯಾಮೆರಾಕ್ಕೆ ಹಿಡಿದೆ, ಹಸಿರು ಬೂಷ್ಟು, ಕರಿ ಬೂಷ್ಟು. ಇಂಚರಾ ಮುಖ ಸ್ಕ್ರೀನಿಗೆ ತಂದಳು. ಮೂಗು ಅಂಟುವಷ್ಟು ಹತ್ತಿರ. ತುಟಿ ಅಲ್ಲಾಡಿತು, ಸತ್ಯವಾಗಿ ಅಲ್ಲಾಡಿತು. ಅಷ್ಟರಲ್ಲಿ ಲ್ಯಾಬಿನಿಂದ ಅರ್ಜೆಂಟ್ ಸ್ಯಾಂಪಲ್ ಎಂದು ಕರೆ ಬಂತು. ಹೋದೆ.

ಹೋಗುವಾಗ ಕಂಡದ್ದು: ಅವಳ ಹಿಂದೆ ಅಜಯ್, ನೀರಿನ ಜಗ್ ಹಿಡಿದು. ಜಯಾಳ ಚರ್ಚಿನವನು. ಈಗ ಜಯಾಳವನು. ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಕಾಣುತ್ತಾನೆ, ಅದೇ ಸಂಕಟ.

ಫೆಬ್ರವರಿ 21, ಶುಕ್ರವಾರ

ಈ ವಾರ ಲ್ಯಾಬಿನ ಮಷೀನ್ ಕೆಟ್ಟು ಎರಡು ಬ್ರೇಕ್ ತಪ್ಪಿತು. ಜಯಾ ಫೋನ್ ಮಾಡಿದಳು. ಆರಾದರೆ ಇಂಚರಾ ಅಳಲು ಶುರುಮಾಡುತ್ತಾಳಂತೆ, ಫೋನ್ ರಿಂಗಾದರೂ ಹೆದರಿಕೆ, ರಿಂಗಾಗದಿದ್ದರೂ ಹೆದರಿಕೆ. ಸದ್ಯ ಊಟದ ಕಾಲ್ ಬಿಡೋಣ, ಈಸ್ಟರ್‌ಗೆ ಹೇಗೂ ಬರುತ್ತೀರಲ್ಲ ಅಂದಳು.

ಆಗಲಿ ಅಂದೆ.

ಏಪ್ರಿಲ್ 19, ಶನಿವಾರ. ಸಿಡ್ನಿ, ಮೋಟೆಲ್

ಬೆಳಿಗ್ಗೆ ದಿ ಪಾಂಡ್ಸ್‌ಗೆ, ಜಯಾಳ ಮನೆಗೆ ಹೋದೆ. ಬಾಗಿಲಲ್ಲೇ ಜಯಾ ಹೇಳಿದಳು: ಮಾತಾಡುತ್ತಿದ್ದಾಳೆ. ಫೆಬ್ರವರಿ ಕೊನೆಯಿಂದ. ಮೊದಲು ಮನೆಯಲ್ಲಿ, ಈಗ ಚರ್ಚಿನ ಇಬ್ಬರು ಹುಡುಗಿಯರ ಜೊತೆಗೂ. ಶೂ ಬಿಚ್ಚುತ್ತಿದ್ದವನು ಅಲ್ಲೇ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷ ಈ ಎರಡು ವರ್ಷದಲ್ಲಿ ಆಗಿರಲಿಲ್ಲ.

“ಆ ಹಸರ ಪುಸ್ತಕದಿಂದನ ಆತು ನೋಡ್ರಿ” ಅಂದಳು ಜಯಾ. “ಛಲೋ ಆರಿಸಿದ್ರಿ.”

ಪುಸ್ತಕ ಟೇಬಲ್ ಮೇಲಿತ್ತು. ತೆರೆದೆ. ಮೊದಲ ಹನ್ನೊಂದು ಗೆರೆ ಖಾಲಿ. ಹನ್ನೆರಡನೆಯದರಿಂದ ನಲವತ್ತೊಂದರವರೆಗೆ ಪ್ರತಿಯೊಂದರಲ್ಲೂ ಸಣ್ಣ, ನೀಟಾದ ಸಹಿ. ಅಜಯ್, ಅಜಯ್, ಅಜಯ್. ಒಂದು ದಿನವೂ ತಪ್ಪಿಸಿಲ್ಲ ಮಾರಾಯ.

ಇಂಚರಾ ಪಕ್ಕ ಬಂದು ನಿಂತಳು. ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ನೋಡಿದಳು. “ಇಟ್ ಸೇಸ್ ಡ್ಯಾಡ್ ಅಟ್ ಡಿನ್ನರ್” ಅಂದಳು. “ಯು ವರ್ ಅಟ್ ವರ್ಕ್.”

ಕೋಪವಿಲ್ಲ. ತಿಳಿಯದವನಿಗೆ ತಿಳಿಸಿಕೊಟ್ಟ ಹಾಗೆ ಹೇಳಿದಳು. ಹದಿನಾಲ್ಕು ತಿಂಗಳ ಮೇಲೆ ಕೇಳಿದ ದನಿ, ಸ್ವಲ್ಪ ದಪ್ಪವಾಗಿದೆ. ಕೊನೆಯ ಪಾಠ ನನಗೂ ಹೇಳಮ್ಮ ಅಂದೆ, ಜೇನುಹುಳದ್ದು. ತಲೆ ಆಡಿಸಿದಳು, ಇಲ್ಲ ಎಂದು.

“ಐ ಆಲ್ರೆಡಿ ಟೋಲ್ಡ್ ಇಟ್.”

ಮಾಡಿದ್ದುಣ್ಣೋ ಮಹರಾಯ. ಆರಿಸಿದವನು ನಾನೇ.

ಮೇ 6, ಮಂಗಳವಾರ

ನಿನ್ನೆಯಿಂದ ಡೇ ಶಿಫ್ಟ್. ಆರೂವರೆಗೆ ಮನೆಯಲ್ಲಿದ್ದೆ. ಅನ್ನ, ಸಾರು. ಅಭ್ಯಾಸಬಲ, ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿಟ್ಟುಕೊಂಡೇ ಉಂಡೆ. ರಿಂಗಾಗಲಿಲ್ಲ. ಯಾಕೆ ಆಗಬೇಕು.

ನವೆಂಬರ್ 22, ಶನಿವಾರ

ಜಯಾಳ ಮೇಲ್. ಒಂದು: ಜನವರಿಯಲ್ಲಿ ಅಜಯ್ ಜೊತೆ ಮದುವೆ, ಬೇರೆಯವರಿಂದ ತಿಳಿಯುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ. ಎರಡು: ಮುಂದಿನ ವರ್ಷವೂ ಹೋಮ್‌ಸ್ಕೂಲ್. ಮೂರು: ಸೈನ್ಸ್ ಅಜಯ್ ಆರಿಸುತ್ತೇನೆ ಅಂದರು, ನಾನು ಬೇಡ ಅಂದೆ, ಅದು ನಿಮ್ಮದು. ಯಾವುದು, ಯಾಕೆ, ಎರಡು ಸಾಲು.

ಹಳದಿಯ ಎರಡನೇ ಲೆವೆಲ್ ನೋಡಿದೆ. ನಿಂಬೆಹಣ್ಣಿನಿಂದ ಕರೆಂಟು, ಸೂಜಿಯಿಂದ ದಿಕ್ಸೂಚಿ. ಒಂದೂ ತಪ್ಪಿಲ್ಲ. ಚೌಕವೂ ಇಲ್ಲ, ಸಹಿಯ ಗೆರೆಯೂ ಇಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಳದಿ ಅಂದರೆ ಮುಗಿಯಿತು, ಆ ಸಹಿ ನಿಲ್ಲುತ್ತದೆ, ನನ್ನನ್ನು ಯಾರೂ ತಪ್ಪು ಅನ್ನುವುದಿಲ್ಲ. ಗೋಪೀನಾಥನೂ ಅದನ್ನೇ ಅಂದ, ಈಗಲಾದರೂ ಸೈನ್ಸ್ ನೋಡಿ ಆರಿಸು ಎಂದು. ಅವನಿಗೆ ಗೊತ್ತಿಲ್ಲ ನನ್ನ ಹೊಟ್ಟೆಯೊಳಗೆ ಏನಿದೆ ಎಂದು. ಹೊಟ್ಟೆಕಿಚ್ಚು, ಮತ್ತೇನು. ಇಡೀ ದಿನ ಹಳದಿ ಹಳದಿ ಎಂದೇ ಓಡಾಡಿದೆ.

ಸಂಜೆ ಸ್ವಲ್ಪ ಹೊತ್ತು ಇಂಚರಾ ಕಾಲ್‌ಗೆ ಬಂದಳು. ಹಲ್ಲು ಬಿದ್ದಿದೆ ಎಂದು ತೋರಿಸಿದಳು. ಹಿಂದಿನಿಂದ ಅಜಯ್ ಊಟಕ್ಕೆ ಕರೆದ, ಅವಳು ಕಮಿಂಗ್ ಎಂದು ಕೂಗಿದಳು. ಎಷ್ಟು ಜೋರಾಗಿ ಕೂಗಿದಳು ಅಂದರೆ ನನ್ನ ಫೋನಿನ ಸ್ಪೀಕರ್ ಒಡೆಯಿತು ಅಂದುಕೊಂಡೆ.

ನವೆಂಬರ್ 23, ಭಾನುವಾರ. ಸಂಜೆ 6.30

ಮೇಲ್ ಟೈಪ್ ಮಾಡಿದೆ. ಹಸಿರು. ಎರಡನೇ ಲೆವೆಲ್.

ವೈರಸ್ಸಿನ ಗಾತ್ರ ಈ ಸಲವೂ ತಪ್ಪೇ. ಅದನ್ನು ನಾನು ಎಂದಾದರೂ ಹೇಳಿಕೊಡುತ್ತೇನೆ.

ಯಾಕೆ ಎಂದು ಎರಡು ಸಾಲು ಬೇಕು. ಹೋದ ಸಲ ಸುಳ್ಳು ಬರೆದಿದ್ದೆ. ಈ ಸಲ ಬರೆಯುವುದಿಲ್ಲ.

ಸಾಲು ಒಂದು: ಈ ಪುಸ್ತಕ ಇದ್ದರೆ ಅವಳು ಊಟದ ಹೊತ್ತಿಗೆ ಮಾತಾಡುತ್ತಾಳೆ.

ಸಾಲು ಎರಡು: ಕೇಳುವವನು ಯಾರಾದರೂ ಆಗಲಿ —